ಇಂಗ್ಲಿಷ್ ಕಲಿಯಲು ಹೋದ ಸೌಟು

ಮನೆಯಲ್ಲಿ ಒಂದು ಸಾಮಾನು ಕಾಣೆಯಾದರೆ ಒಂದೊಂದು ಮನೆಯವರ ಅನುಮಾನ ಒಂದೊಂದು ಕಡೆ ತಿರುಗುತ್ತದೆ. ಕೆಲವರು ಬೆಕ್ಕನ್ನು ಬೈಯುತ್ತಾರೆ, ಕೆಲವರು ಇಲಿಯನ್ನು. ಇನ್ನು ಕೆಲವರು ಯಾವ ನೆಂಟರು ಯಾವತ್ತು ಬಂದು ಹೋದರು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ನಮ್ಮ ಮನೆಯಲ್ಲಿ ಆ ಗೌರವ ನನಗೊಬ್ಬನಿಗೇ ಮೀಸಲು. ಈಗಲೂ ಇಕ್ಕಳ ಕಾಣಿಸದಿದ್ದರೆ ನನ್ನ ಹೆಂಡತಿ ಪಾರ್ವತಿ ಹುಡುಕುವ ಗೋಜಿಗೇ ಹೋಗುವುದಿಲ್ಲ. ಸೀದಾ ಪಡಸಾಲೆಗೆ ಬಂದು, ಪತ್ರಿಕೆ ಹಿಡಿದು ಕೂತ ನನ್ನ ಮುಂದೆ ನಿಂತು, "ಏನ್ರೀ, ಇಕ್ಕಳ ಇಂಗ್ಲಿಷ್ ಕಲಿಯೋಕೆ ಹೋಗಿದ್ಯಾ?" ಅನ್ನುತ್ತಾಳೆ. ಪಕ್ಕದಲ್ಲಿ ನೆಂಟರು ಇದ್ದರೆ ಅವರಿಗೆ ಈ ಮಾತು ತಲೆಬುಡ ತಿಳಿಯುವುದಿಲ್ಲ. ವಿವರಿಸಲು ಹೊರಟರೆ ಕಾಫಿ ಆರಿಹೋಗುತ್ತದೆ. ಆದ್ದರಿಂದ ಒಂದು ಸಲ ಬರೆದೇ ಬಿಟ್ಟರೆ ಮುಂದೆ ಬರುವ ನೆಂಟರ ಕೈಗೆ ಇದನ್ನು ಕೊಟ್ಟು ನಾನು ಕಾಫಿ ಕುಡಿಯಬಹುದು ಎಂದುಕೊಂಡಿದ್ದೇನೆ.

ನಾನು ಹುಟ್ಟಿದ್ದು ಅರಕಲಗೂಡಿನಲ್ಲಿ. ಅಪ್ಪನದು ಬೆಲ್ಲ, ಎಣ್ಣೆ, ಹುಣಸೆಹಣ್ಣಿನ ಅಂಗಡಿ. ನನ್ನನ್ನೂ ಅಲ್ಲಿಯೇ ಕೂರಿಸಬೇಕೆಂದು ಅವರ ಆಸೆ. ಆದರೆ ಗಿರಾಕಿ ಬಂದು ಒಂದು ಅಚ್ಚು ಬೆಲ್ಲ ಕೇಳಿದರೆ ನಾನು ಆಲೆಮನೆಯಲ್ಲಿ ಬೆಲ್ಲ ಹೇಗೆ ತಯಾರಾಗುತ್ತದೆ ಎಂದು ವಿವರಿಸಲು ತೊಡಗುತ್ತಿದ್ದೆ. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಿದ್ದ. "ಇವನು ಮೇಷ್ಟ್ರಾಗೋದೇ ವಾಸಿ. ಅಲ್ಲಾದ್ರೆ ಕೇಳೋರು ಮಧ್ಯದಲ್ಲಿ ಎದ್ದು ಹೋಗೋ ಹಾಗಿಲ್ಲ" ಎಂದು ಅಪ್ಪನೇ ತೀರ್ಮಾನಿಸಿದರು. ಹಾಗೆ ಮೇಷ್ಟ್ರಾಗಿ, ಹೊಳೆನರಸೀಪುರದ ಪಾರ್ವತಿಯನ್ನು ಮದುವೆಯಾಗಿ, ಐವತ್ತರ ದಶಕದ ನಡುವಿನಲ್ಲಿ ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಕಡೆಯ ಒಂದು ಊರಿನ ಮಿಡ್ಲ್ ಸ್ಕೂಲಿಗೆ ಬಂದು ಬಿದ್ದೆ. ಊರಿನ ಹೆಸರು ಬೇಡ. ಆ ಊರಿನವರು ಬಸ್ಸಿನಲ್ಲಿ ಸಿಕ್ಕರೆ ಇಂದಿಗೂ ಎದ್ದು ನನಗೆ ಜಾಗ ಬಿಡುತ್ತಾರೆ. ಅದನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ.

ನಾನು ಹೋದ ಹೊಸತರಲ್ಲೇ ಆ ಶಾಲೆಗೆ ಇಂಗ್ಲಿಷ್ ತರಗತಿ ಮಂಜೂರಾಯಿತು. ಆದರೆ ಒಂದು ಷರತ್ತು. ಒಂದು ವರ್ಷ ನಡೆಸಿ ನೋಡುವುದು, ವರ್ಷದೊಳಗೆ ಇನ್ಸ್‌ಪೆಕ್ಟರು ಬಂದು ಪರೀಕ್ಷಿಸುವುದು, ಅವರು ಮೆಚ್ಚಿದರೆ ಮುಂದುವರಿಕೆ, ಇಲ್ಲದಿದ್ದರೆ ಮುಚ್ಚುವುದು. ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಓದದವರಿಗೆ ಮುಂದೆ ಹೈಸ್ಕೂಲಿನ ಬಾಗಿಲು ತೆರೆಯುತ್ತಿರಲಿಲ್ಲ. ತರಗತಿ ಮುಚ್ಚಿದರೆ ಗಂಡುಹುಡುಗರು ಚನ್ನರಾಯಪಟ್ಟಣದಲ್ಲಿ ಯಾರದಾದರೂ ಮನೆ ಹಿಡಿದು ಓದಿಯಾರು. ಹೆಣ್ಣುಮಕ್ಕಳನ್ನು ಅಷ್ಟು ದೂರ ಯಾರು ಕಳಿಸುತ್ತಾರೆ? ಈ ಮಾತನ್ನು ನನಗಿಂತ ಚೆನ್ನಾಗಿ ತಿಳಿದಿದ್ದವನು ಕೂಲಿ ಮಾಡುವ ಬೋರಯ್ಯ. ಅವನ ಮಗಳು ದೇವೀರಮ್ಮ ನನ್ನ ತರಗತಿಯಲ್ಲಿದ್ದಳು. ಒಂದು ಸಂಜೆ ಶಾಲೆಯ ಬೇಲಿಯ ಹತ್ತಿರ ನನ್ನನ್ನು ತಡೆದು ನಿಲ್ಲಿಸಿದ.

"ಸಾ, ಇವಳವ್ವುನ್ನ ಆಸನದ ಆಸ್ಪತ್ರೆಗೆ ಸೇರ್ಸಿದ್ದಾಗ ನೋಡಿವ್ನಿ. ಬಿಳೀ ಸೀರೆ ಉಟ್ಕಂಡು ಓಡಾಡ್ತಾರಲ್ಲ, ನರ್ಸಮ್ಮಾರು, ನಮ್ ದೇವೀರೀನೂ ಅಂಗೆ ಆಗ್ಲಿ ಅಂತ ನಂಗೆ. ಅದ್ಕೆ ಇಂಗ್ಲೀಸು ಬೇಕಂತೆ. ಈ ಕಿಲಾಸು ನಿಂತೋದ್ರೆ ನಮ್ ಮಗಳ ಓದೂ ನಿಂತಂಗೇ ಕಣ್ ಸಾ."

"ನಿಲ್ಲೋದಿಲ್ಲ ಬಿಡಯ್ಯ, ನಾನಿದ್ದೀನಲ್ಲ" ಎಂದೆ. ಹೇಳಿದ ಮೇಲೆ ಮನೆಯವರೆಗೂ ಆ ಮಾತು ನನ್ನ ಹಿಂದೆಯೇ ನಡೆದುಕೊಂಡು ಬಂತು. ಏಕೆಂದರೆ ನನ್ನ ಇಂಗ್ಲಿಷಿನ ಸ್ಥಿತಿ ನನಗೆ ಗೊತ್ತಿತ್ತು. ಅಚ್ಚಾದ ಇಂಗ್ಲಿಷನ್ನು ಕಣ್ಣಿನಲ್ಲಿ ಓದಬಲ್ಲೆ, ಕೈಯಲ್ಲಿ ಬರೆಯಬಲ್ಲೆ, ನಾಲಿಗೆಗೆ ಮಾತ್ರ ಅದರ ಪರಿಚಯವಿರಲಿಲ್ಲ.

ಬೇಸಗೆ ರಜೆಯಲ್ಲಿ ಹಾಸನದಲ್ಲಿ ನಮಗೆಲ್ಲ ತರಬೇತಿ ಕೊಟ್ಟಿದ್ದರು. ತರಬೇತಿಯ ಸಾರ ಇಷ್ಟೇ. ಇಂಗ್ಲಿಷ್ ಪೀರಿಯಡ್ಡಿನಲ್ಲಿ ಮೇಷ್ಟ್ರ ಬಾಯಿಂದ ಕನ್ನಡದ ಒಂದಕ್ಷರವೂ ಬೀಳಕೂಡದು. ವಸ್ತುವನ್ನು ಎತ್ತಿ ತೋರಿಸಬೇಕು, ಇಂಗ್ಲಿಷಿನಲ್ಲಿ ಹೆಸರು ಹೇಳಬೇಕು, ಮಕ್ಕಳು ತಾವಾಗಿ ಅರ್ಥ ಮಾಡಿಕೊಳ್ಳಬೇಕು. ಕಲಿಸಿದವರು ಕನ್ನಡದವರೇ. ಆದರೆ ತರಗತಿಯಲ್ಲಿ ಕಣಜ ಕಚ್ಚಿದಾಗಲೂ ಇಂಗ್ಲಿಷಿನಲ್ಲೇ ಕಿರುಚಿದರೆಂದು ನಮಗೆಲ್ಲ ಅವರ ಮೇಲೆ ಅಪಾರ ಗೌರವವಿತ್ತು. ಅವರ ಬಳಿ ಒಂದು ಚೆಂದದ ಮರದ ಪೆಟ್ಟಿಗೆ. ಅದರಲ್ಲಿ ಬಣ್ಣದ ಸೇಬು, ಗೊಂಬೆ, ಗಡಿಯಾರ, ಪುಟ್ಟ ಕುದುರೆ. ಆ ಪೆಟ್ಟಿಗೆ ನಮಗೂ ಕೊಡುತ್ತಾರೆಂದು ನಾವು ಕೊನೆಯ ದಿನದವರೆಗೆ ಕಾದೆವು. ಕೊನೆಯ ದಿನ ಅವರು, ನೀವು ನೀವು ಸ್ಥಳೀಯವಾಗಿ ದೊರೆಯುವ ವಸ್ತುಗಳನ್ನು ಬಳಸಿಕೊಳ್ಳತಕ್ಕದ್ದು ಎಂದರು. ಸರ್ಕಾರ ಕೊಡಲಾರದ್ದಕ್ಕೆಲ್ಲ ಈ ಹೆಸರಿದೆ ಎಂಬುದು ನನಗೆ ಆಮೇಲೆ ತಿಳಿಯಿತು.

ನಮ್ಮ ಶಾಲೆಯಲ್ಲಿ ಸ್ಥಳೀಯವಾಗಿ ದೊರೆಯುತ್ತಿದ್ದ ವಸ್ತುಗಳೆಂದರೆ ಕಲ್ಲು, ಮಣ್ಣು, ಹಿತ್ತಲಿನ ಹೊಂಗೆಮರ. ಒಂದು ವಾರ ಮಕ್ಕಳು ಹುರುಪಿನಿಂದ "ದಿಸ್ ಈಸ್ ಎ ಸ್ಟೋನ್" ಅಂದರು. ಎರಡನೆಯ ವಾರ ಆ ಹುರುಪು ಕಲ್ಲಿನಷ್ಟೇ ತಣ್ಣಗಾಯಿತು. ಹೆಡ್ ಮೇಷ್ಟ್ರು ರಂಗಸ್ವಾಮಯ್ಯನವರ ಛತ್ರಿ ತಂದೆ. ತರಗತಿಯೆಲ್ಲ ಸರದಿಯ ಮೇಲೆ "ಐ ಓಪನ್ ದಿ ಅಂಬ್ರೆಲಾ" ಎಂದು ಬಿಚ್ಚಿ ಮುಚ್ಚಿ ಮಾಡಿದ ಮೇಲೆ ಅದು ಬಿಚ್ಚುವುದನ್ನೂ ಬಿಟ್ಟಿತು, ಮುಚ್ಚುವುದನ್ನೂ ಬಿಟ್ಟಿತು. ಹೆಡ್ ಮೇಷ್ಟ್ರು ಒಂದು ವಾರ ನನ್ನ ಜೊತೆ ಯಾವ ಭಾಷೆಯಲ್ಲಿಯೂ ಮಾತಾಡಲಿಲ್ಲ. ರೈತರ ನೇಗಿಲು, ಕುಡಗೋಲು ಕೇಳೋಣವೆಂದರೆ ಅವರಿಗೆ ಹೊಲದಲ್ಲಿ ಬೇಕು. ಹೀಗೆ ಎಲ್ಲ ದಿಕ್ಕಿನಲ್ಲೂ ಸೋತು ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕೂತಾಗ, ಅಡುಗೆಮನೆಯ ಗೋಡೆಗೆ ತೂಗುಹಾಕಿದ್ದ ಸೌಟು ನನ್ನ ಕಣ್ಣಿಗೆ ಬಿತ್ತು.

ಮೊದಲ ದಿನ ಸೌಟು ಮಾತ್ರ ಹೋಯಿತು. ಮಕ್ಕಳಿಗೆ ಎಲ್ಲಿಲ್ಲದ ಸಂತೋಷ. ಮೇಷ್ಟ್ರ ಮನೆಯ ಸೌಟನ್ನು ಕೈಯಲ್ಲಿ ಹಿಡಿಯುವುದೆಂದರೆ ಸಾಮಾನ್ಯವೇ? ಮರುದಿನ ತಟ್ಟೆ, ಲೋಟ, ಚೊಂಬು. ಅದರ ಮರುದಿನ ತಪ್ಪಲೆ, ಜರಡಿ, ಲಟ್ಟಣಿಗೆ. ಪಾಠ ಮುಗಿದ ಮೇಲೆ ಸಾಮಾನು ಸಂಜೆಗೆ ಮನೆಗೆ ವಾಪಸಾಗುತ್ತಿತ್ತು, ಆದರೆ ಅಡುಗೆ ಸಂಜೆಯವರೆಗೆ ಕಾಯುತ್ತದೆಯೇ? "ಇವತ್ತು ಸಾರನ್ನ ಚೊಂಬಲ್ಲಿ ಬಡಿಸಿದ್ದೀನಿ, ಸೌಟು ಇಂಗ್ಲಿಷ್ ಕಲಿಯೋಕೆ ಹೋಗಿದೆ" ಎಂದು ಪಾರ್ವತಿ ಪಕ್ಕದ ಮನೆಯವರ ಮುಂದೆ ಹೇಳಿದ್ದು ಆಗಲೇ. ಒಮ್ಮೆ ಲಟ್ಟಣಿಗೆ ಸಿಗದೆ ಚಪಾತಿಯನ್ನು ನನ್ನ ಔಷಧಿ ಸೀಸೆಯಿಂದ ಲಟ್ಟಿಸಿದಳು. ಆ ಚಪಾತಿ ತಿಂದ ಮೇಲೆ ಔಷಧಿಯ ಅಗತ್ಯ ನಿಜವಾಗಿಯೂ ಬಂತು.

ಸಾಮಾನು ವಾಪಸು ತರುವ ಕೆಲಸವನ್ನು ದೇವೀರಮ್ಮ ತಾನಾಗಿ ವಹಿಸಿಕೊಂಡಿದ್ದಳು. ಮೊದಲ ಸಲ ತಪ್ಪಲೆ ಹಿಡಿದು ಬಂದಾಗ ಹೊಸಿಲಿನ ಆಚೆಯೇ ನಿಂತಳು. ಅವರ ಕೇರಿಯವರು ನಮ್ಮ ಬೀದಿಯ ಮನೆಗಳೊಳಗೆ ಬರುವ ರೂಢಿ ಆಗ ಇರಲಿಲ್ಲ. ಎದುರು ಮನೆಯ ಜಗುಲಿಯಿಂದ ಎರಡು ಜೊತೆ ಕಣ್ಣು ನಮ್ಮನ್ನೇ ನೋಡುತ್ತಿದ್ದವು. ಇಂಥ ಸಂದರ್ಭದಲ್ಲಿ ವಿದ್ಯಾವಂತನಾದ ನಾನು ಏನು ಹೇಳಬೇಕೆಂದು ಯೋಚಿಸತೊಡಗಿದೆ. ಅಷ್ಟರಲ್ಲಿ ಪಾರ್ವತಿ ಒಳಗಿನಿಂದಲೇ, "ಅಲ್ಲೇ ನಿಂತ್ರೆ ಏನು ಬಂತು? ಒಳಗೆ ತಂದಿಡವ್ವ, ನನ್ನ ಕೈಯೆಲ್ಲ ಹಿಟ್ಟಾಗಿದೆ" ಎಂದಳು. ನಾನು ಯೋಚಿಸಿ ಮುಗಿಸುವ ಹೊತ್ತಿಗೆ ತಪ್ಪಲೆಯೂ ಹುಡುಗಿಯೂ ಅಡುಗೆಮನೆ ಸೇರಿಯಾಗಿತ್ತು. ಅಂದಿನಿಂದ ಸಂಜೆ ಹೊತ್ತು ಅವಳು ಒಳಗೆ ಪಾರ್ವತಿಯ ಜೊತೆ ಕೂತು ಅವರೆಕಾಯಿ ಸುಲಿಯುತ್ತಾ ಏನೋ ಹರಟುತ್ತಿದ್ದಳು. ನಾನು ಹೊರಗೆ ಪತ್ರಿಕೆ ಓದುತ್ತಿದ್ದರೆ ಒಳಗಿನಿಂದ ಪಾರ್ವತಿ ಆಗಾಗ ಕೂಗುವಳು: "ರೀ, ಕುದಿಯೋದಕ್ಕೆ ಏನಂತಾರೆ? ಸುಲಿಯೋದಕ್ಕೆ?" ನಾನು ಪತ್ರಿಕೆಯಿಂದ ತಲೆಯೆತ್ತದೆ ಹೇಳುತ್ತಿದ್ದೆ. ಇವಳಿಗೇಕೆ ಅದು ಎಂದು ಕೇಳುವಷ್ಟು ಕುತೂಹಲ ನನಗೆ ಹುಟ್ಟಲಿಲ್ಲ.

ಒಂದು ದಿನ ತರಗತಿಯಲ್ಲಿ, ನಿಮ್ಮ ಮನೆಯಲ್ಲಿರುವ ವಸ್ತುಗಳ ಹೆಸರನ್ನು ಇಂಗ್ಲಿಷಿನಲ್ಲಿ ಹೇಳಿ ಎಂದು ಸನ್ನೆಯಲ್ಲಿಯೇ ಕೇಳಿದೆ. ಎಲ್ಲರೂ ನಾ ಮುಂದು ತಾ ಮುಂದು ಎಂದು ಹೇಳಿದರು. ದೇವೀರಮ್ಮ ಎರಡು ಹೆಸರು ಹೇಳಿ ಕೂತುಬಿಟ್ಟಳು. ಮುಂದೆ ಎಂದು ಕೈ ಆಡಿಸಿದೆ. "ಅಷ್ಟೇ ಸಾ. ನಮ್ಮಟ್ಟೀಲಿ ಇಂಗ್ಲೀಸು ಕಮ್ಮಿ" ಎಂದಳು. ಅವರ ಮನೆಯಲ್ಲಿದ್ದದ್ದು ಒಂದು ಮಡಕೆ, ಒಂದು ತಟ್ಟೆ. ಕನ್ನಡ ಆಡಿದ್ದಕ್ಕೆ ಗದರಬೇಕೆಂಬ ನಿಯಮವನ್ನು ಅಂದು ಮರೆತೆ.

ಮಾಗಿಯ ಚಳಿಯಲ್ಲಿ ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಅವರ ಕೀರ್ತಿ ಅವರಿಗಿಂತ ಮುಂಚೆ ಬಂದಿತ್ತು. ಯಾವುದೋ ಊರಿನಲ್ಲಿ ಇಂಗ್ಲಿಷ್ ಪಾಠದ ನಡುವೆ ಮೇಷ್ಟ್ರ ಬಾಯಿಂದ ಒಂದೇ ಒಂದು "ಅಯ್ಯೋ" ಜಾರಿದ್ದಕ್ಕೆ ಅಲ್ಲಿನ ತರಗತಿ ಮುಚ್ಚಿಸಿದ್ದರಂತೆ. ಹಾಗಾದ ಮೇಲೆ ಆ ಮೇಷ್ಟ್ರು ಮನಸಾರೆ "ಅಯ್ಯೋ" ಎಂದರಂತೆ. ಇನ್ನೊಂದು ಸಂಗತಿ. ಇನ್ಸ್‌ಪೆಕ್ಟರು ಬಂದಾಗ ಯಾರ ಪಾಠ ನೋಡುತ್ತಾರೋ ಅವರ ಮನೆಯಲ್ಲೇ ಅವರಿಗೆ ಮಧ್ಯಾಹ್ನದ ಊಟ, ಇದು ನಮ್ಮ ಶಾಲೆಯ ಪದ್ಧತಿ. ಪಾರ್ವತಿಗೆ ಹೇಳಿದೆ. ಅವಳು ಹಿದುಕಿದ ಅವರೆಬೇಳೆ ಸಾರು ಮಾಡುತ್ತೇನೆಂದು ಹಿಂದಿನ ದಿನವೇ ಅವರೆಕಾಳು ನೆನೆಹಾಕಿದಳು. ಊಟದ ವಿಷಯ ನನ್ನ ತಲೆಯ ಒಂದು ಮೂಲೆಯಲ್ಲಿತ್ತು, ಪಾಠದ ವಿಷಯ ಇನ್ನೊಂದು ಮೂಲೆಯಲ್ಲಿ. ಇವೆರಡೂ ಒಂದೇ ತಪ್ಪಲೆಗೆ ಕೈಹಾಕಿವೆ ಎಂಬುದು ಮಾತ್ರ ನನಗೆ ಹೊಳೆಯಲಿಲ್ಲ.

ಬೆಳಿಗ್ಗೆ ಪಾರ್ವತಿ ಮೊಸರು ತರಲು ಹೋಗಿದ್ದಾಗ ನಾನು ತರಗತಿಯ ಮಕ್ಕಳನ್ನೆಲ್ಲ ಕರೆಸಿ ಅಡುಗೆಮನೆ ಬರಿದು ಮಾಡಿದೆ. ತಪ್ಪಲೆ, ಕೊಡ, ಮೊರ, ಜರಡಿ, ಈಳಿಗೆಮಣೆ, ಒಂದನ್ನೂ ಬಿಡಲಿಲ್ಲ. ಮಕ್ಕಳು ಒಬ್ಬೊಬ್ಬರು ಒಂದೊಂದನ್ನು ತಲೆಯ ಮೇಲಿಟ್ಟುಕೊಂಡು ಸಾಲಾಗಿ ಬೀದಿಯಲ್ಲಿ ನಡೆದರು. "ಮೇಷ್ಟ್ರಿಗೆ ವರ್ಗ ಆಗೋಯ್ತಾ?" ಎಂದು ಜಗುಲಿಯಲ್ಲಿದ್ದ ಅಜ್ಜಿಯೊಬ್ಬರು ಕಣ್ಣೊರೆಸಿಕೊಂಡರು. ಮನೆಯಲ್ಲಿ ಉಳಿದದ್ದು ಒಲೆ ಮತ್ತು ಒರಳುಕಲ್ಲು, ಅವನ್ನು ಎತ್ತಲಾಗುತ್ತಿರಲಿಲ್ಲ ಎಂಬ ಕಾರಣಕ್ಕೆ.

ಇನ್ಸ್‌ಪೆಕ್ಟರು ಬಂದರು. ಕರೀ ಕೋಟು, ಕಚ್ಚೆ ಪಂಚೆ, ನಗೆಯ ಸುಳಿವಿಲ್ಲದ ಮುಖ. ಹೆಡ್ ಮೇಷ್ಟ್ರು ಮೂಲೆಯಲ್ಲಿ ಕೈಕಟ್ಟಿ ನಿಂತರು. ಬೇಲಿಯ ಆಚೆ, ಬಾಗಿಲಿಗೆ ನೇರವಾಗಿ, ಬೋರಯ್ಯ ಆ ದಿನದ ಕೂಲಿ ಬಿಟ್ಟು ಬಂದು ನಿಂತಿದ್ದ. ನಾನು ತಟ್ಟೆಯನ್ನು ಎತ್ತಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ಹಿಂದಿನ ಕಿಟಕಿಯಲ್ಲಿ ಪಾರ್ವತಿಯ ಮುಖ ಕಾಣಿಸಿತು. ಅಕ್ಕಿ, ಅವರೆಯನ್ನೆಲ್ಲ ಸೆರಗಿನಲ್ಲಿ ಕಟ್ಟಿಕೊಂಡು ಶಾಲೆಗೇ ಬಂದು ಹೊಂಗೆಮರದ ಕೆಳಗೆ ಮೂರು ಕಲ್ಲು ಹೂಡಿ ಬೆಂಕಿ ಹಚ್ಚಿಯಾಗಿತ್ತು. ತಣ್ಣನೆಯ ದನಿಯಲ್ಲಿ ಕೇಳಿದಳು:

"ರೀ, ತಪ್ಪಲೆ ಪಾಠ ಆಯ್ತಾ?"

ಕನ್ನಡದಲ್ಲಿ ಉತ್ತರ ಕೊಡುವಂತಿಲ್ಲ. ತಟ್ಟೆ ಕೆಳಗಿಟ್ಟು ತಪ್ಪಲೆ ಎತ್ತಿದೆ. "ದಿಸ್ ಈಸ್ ಎ ಪಾಟ್!" ಮಕ್ಕಳು ಒಕ್ಕೊರಲಿನಿಂದ ಹೇಳಿದ್ದೇ ತಡ, ದೇವೀರಮ್ಮ ಎದ್ದು "ಟೇಕ್ ದಿ ಪಾಟ್" ಎಂದು ಅದನ್ನು ಕಿಟಕಿಯಲ್ಲಿ ದಾಟಿಸಿದಳು. ಇದು ಹೊಸ ಪದ್ಧತಿಯ ಒಂದು ಅಂಗವೆಂದುಕೊಂಡ ಇನ್ಸ್‌ಪೆಕ್ಟರು "ಗುಡ್" ಎಂದರು. ಅಲ್ಲಿಂದ ಮುಂದೆ ಪಾಠದ ಕ್ರಮ ನನ್ನ ಕೈಯಲ್ಲಿ ಉಳಿಯಲಿಲ್ಲ. ಪಾರ್ವತಿಗೆ ಮೊದಲು ಬೇಕಾದದ್ದು ಮೊದಲು ಪಾಠವಾಗಬೇಕು. ಬದನೆಕಾಯಿ ಹೆಚ್ಚುವ ಹೊತ್ತಿಗೆ ಈಳಿಗೆಮಣೆ, ನೀರಿಡುವ ಹೊತ್ತಿಗೆ ಕೊಡ. ಅಡುಗೆ ಮುಂದೆ, ಇಂಗ್ಲಿಷ್ ಹಿಂದೆ, ನಾನು ಎಲ್ಲಕ್ಕಿಂತ ಹಿಂದೆ.

ಇನ್ಸ್‌ಪೆಕ್ಟರು ಎದ್ದು ಬಂದು ಮೊರವನ್ನು ಕೈಗೆತ್ತಿಕೊಂಡರು. "ವಾಟ್ ಈಸ್ ದಿಸ್?" ಮಕ್ಕಳು ಧೈರ್ಯವಾಗಿ, "ದಿಸ್ ಈಸ್ ಎ ಮೊರ" ಅಂದರು. ನಾನೇ ಹಾಗೆ ಕಲಿಸಿದ್ದು, ನನ್ನ ನಿಘಂಟಿನಲ್ಲಿ ಮೊರ ಎಲ್ಲಿದೆಯೋ ನನಗೆ ಸಿಕ್ಕಿರಲಿಲ್ಲ. "ನೋ, ನೋ. ಇನ್ ಇಂಗ್ಲಿಷ್" ಎಂದು ನನ್ನ ಕಡೆ ತಿರುಗಿದರು. ನಾನು ಹೆಡ್ ಮೇಷ್ಟ್ರ ಕಡೆ ತಿರುಗಿದೆ. ಹೆಡ್ ಮೇಷ್ಟ್ರು ಗೋಡೆಯ ಕಡೆ ತಿರುಗಿದರು. ಆಗ ಇನ್ಸ್‌ಪೆಕ್ಟರೂ ಮೊರವನ್ನು ಹಿಂದೆ ಮುಂದೆ ತಿರುಗಿಸಿ ನೋಡತೊಡಗಿದರು. ಅವರಿಗೂ ಗೊತ್ತಿಲ್ಲವೆಂದು ನನಗೆ ಅರಿವಾಗಿ ಜೀವ ಸ್ವಲ್ಪ ತಣ್ಣಗಾಯಿತು. ಕಿಟಕಿಯಿಂದ ಪಾರ್ವತಿ ಕೈನೀಡಿ, "ಸ್ವಾಮಿ, ಅದನ್ನ ಇತ್ತ ಕೊಟ್ರೆ ಅಕ್ಕಿ ಕೇರಿಬಿಡ್ತೀನಿ. ಇಲ್ಲದಿದ್ರೆ ನಿಮ್ಮ ಊಟದಲ್ಲೇ ಕಲ್ಲು ಸಿಗೋದು" ಎಂದಳು. ಅವರು ಕೊಟ್ಟುಬಿಟ್ಟರು.

ಆದರೆ ಮುಖ ಗಂಟಾಯಿತು. ಹೆಸರು ಹೇಳುವುದಾಯಿತು, ಮಾತಾಡಲು ಬರುತ್ತದೆಯೋ ನೋಡೋಣ ಎಂಬಂತೆ ದೇವೀರಮ್ಮನನ್ನು ಎಬ್ಬಿಸಿ, ಕಿಟಕಿಯ ಕಡೆ ಬೆರಳು ತೋರಿಸಿ, "ವಾಟ್ ಈಸ್ ಶಿ ಡೂಯಿಂಗ್?" ಎಂದು ಕೇಳಿದರು. ಛತ್ರಿ ಕೆಟ್ಟ ಮೇಲೆ ನಾನು ಕಲಿಸಿದ್ದು ಬರೀ ಸಾಮಾನಿನ ಹೆಸರು. ಸಾಮಾನಿನಲ್ಲಿ ಏನು ಮಾಡುತ್ತಾರೆಂದು ಕನ್ನಡ ಬಿಟ್ಟು ಹೇಗೆ ತಿಳಿಸುವುದೋ ಗೊತ್ತಾಗದೆ ಅಲ್ಲಿಗೇ ನಿಲ್ಲಿಸಿದ್ದೆ. ಹುಡುಗಿ ತುಟಿ ಕಚ್ಚಿಕೊಂಡು ನಿಂತಳು. ಬೇಲಿಯ ಆಚೆ ಬೋರಯ್ಯ ಹೆಗಲ ಮೇಲಿನ ಟವಲನ್ನು ತೆಗೆದು ಕೈಯಲ್ಲಿ ಮುದುಡಿ ಹಿಡಿದಿದ್ದ. ನಾನಿದ್ದೀನಲ್ಲ ಎಂದು ಅವನಿಗೆ ಹೇಳಿದ್ದ ಮಾತು ನೆನಪಾಗಿ, ನಾನು ಇಲ್ಲಿ ಇಲ್ಲದೆ ಹೋದರೆ ಸಾಕು ಅನ್ನಿಸಿತು.

"ಮೊದಲು ನಮ್ಮ ಮಾತಲ್ಲೇ ಹೇಳು ದೇವೀರಿ, ಆಮೇಲೆ ಅವರ ಮಾತಲ್ಲಿ ಹೇಳುವಿಯಂತೆ" ಎಂದಿತು ಕಿಟಕಿ.

"ಸಾರು ಕುದೀತಾ ಐತೆ ಸಾ" ಎಂದಳು ದೇವೀರಮ್ಮ. ಒಮ್ಮೆ ಉಸಿರೆಳೆದುಕೊಂಡು, "ದಿ ಸಾರು ಈಸ್ ಬಾಯ್ಲಿಂಗ್. ಅಮ್ಮಾರು ಅಕ್ಕಿ ತೊಳೀತಾವ್ರೆ. ಶಿ ಈಸ್ ವಾಷಿಂಗ್ ದಿ ರೈಸ್" ಎಂದಳು.

ನಾನು ಕಣ್ಣು ಮುಚ್ಚಿಕೊಂಡೆ. ಒಂದು "ಅಯ್ಯೋ"ಗೆ ತರಗತಿ ಮುಚ್ಚಿಸಿದ ಮನುಷ್ಯನ ಮುಂದೆ ಎರಡು ಇಡೀ ವಾಕ್ಯ ಕನ್ನಡ! "ಹೂ ಅಲೌಡ್ ಕನ್ನಡ ಹಿಯರ್?" ಎಂದು ಇನ್ಸ್‌ಪೆಕ್ಟರು ಗುಡುಗಿದರು. ಅದೇ ಗಳಿಗೆಯಲ್ಲಿ ಪಾರ್ವತಿ ತಪ್ಪಲೆಯ ಮುಚ್ಚಳ ತೆಗೆದಳೆಂದು ಕಾಣುತ್ತದೆ. ಮಾಗಿಯ ಸೊಗಡಿನ ಅವರೆ, ಕೊಬ್ಬರಿ ರುಬ್ಬಿ ಹಾಕಿದ ಮಸಾಲೆ. ಆ ಘಮ ಕಿಟಕಿಯಿಂದ ನುಗ್ಗಿ ತರಗತಿಯ ತುಂಬ ಹರಡಿತು. ಇನ್ಸ್‌ಪೆಕ್ಟರ ಮೂಗಿನ ಹೊಳ್ಳೆ ಅರಳಿತು. ಬೆಳಗಿನ ಬಸ್ಸಿನಲ್ಲಿ ಬರೀ ಹೊಟ್ಟೆಯಲ್ಲಿ ಬಂದಿದ್ದರೋ ಏನೋ, ಸೀದಾ ಕಿಟಕಿಗೆ ಹೋಗಿ ಬಗ್ಗಿ ನೋಡಿ, "ಹಿದುಕಿದ ಬೇಳೆಯೇನಮ್ಮಾ?" ಎಂದುಬಿಟ್ಟರು.

ಹೆಡ್ ಮೇಷ್ಟ್ರು ಕೆಮ್ಮಿದರು. ಇನ್ಸ್‌ಪೆಕ್ಟರು ನಿಧಾನವಾಗಿ ತಿರುಗಿ ನಮ್ಮನ್ನೆಲ್ಲ ನೋಡಿದರು, ಆಮೇಲೆ ಆ ಕಲ್ಲುಮುಖದಿಂದ ನಗು ಬಂತು. ಮೊದಲು ಸಣ್ಣಗೆ, ಆಮೇಲೆ ಕೋಟಿನ ಗುಂಡಿಗಳು ಅಲುಗಾಡುವಷ್ಟು. ಬೆಂಚಿನ ತುದಿಯಲ್ಲಿ ಕೂತು, "ಇನ್ನೂ ಏನೇನು ಮಾಡ್ತಿದ್ದಾರೆ, ಹೇಳಮ್ಮ. ಹೀಗೇ, ಎರಡೂ ಮಾತಲ್ಲಿ ಹೇಳು" ಎಂದರು. ದೇವೀರಮ್ಮ ಸುಲಿದದ್ದು, ಹೆಚ್ಚಿದ್ದು, ಒಗ್ಗರಣೆ ಕೊಟ್ಟದ್ದು ಎಲ್ಲವನ್ನೂ ಒಮ್ಮೆ ಕನ್ನಡದಲ್ಲಿ, ಒಮ್ಮೆ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಸಂಜೆ ಹೊತ್ತು ಪತ್ರಿಕೆಯ ಹಿಂದಿನಿಂದ ಎಸೆದಿದ್ದ ಪದಗಳೆಲ್ಲ ಒಂದೊಂದಾಗಿ ನನ್ನ ಮುಂದೆಯೇ ಬಂದು ನಿಂತವು.

ಊಟ ಮುಗಿಸಿ ಕೈತೊಳೆಯುತ್ತಾ ಇನ್ಸ್‌ಪೆಕ್ಟರು ಹೇಳಿದರು: "ತರಗತಿ ಮುಂದುವರಿಯಲಿ ಮೇಷ್ಟ್ರೇ. ಕನ್ನಡದಲ್ಲಿ ಹೇಳಿ ಇಂಗ್ಲಿಷಿಗೆ ಹೋಗೋ ಈ ದಾರಿ ಚೆನ್ನಾಗಿದೆ, ಬೇರೆ ಶಾಲೆಗಳಿಗೂ ಹೇಳ್ತೀನಿ. ಆದ್ರೆ ಪಾಠ ಮಾಡುವಾಗ ನಿಮ್ಮ ಮನೆಯವರು ಆ ಕಿಟಕಿ ಹತ್ರ ಇದ್ರೆ ಒಳ್ಳೇದು." ಇದನ್ನು ನಾನು ಹೊಗಳಿಕೆ ಎಂದೇ ತೆಗೆದುಕೊಂಡೆ.

ಮುಂದಿನ ಸಂತೆಯ ದಿನ ಬೋರಯ್ಯ ಚನ್ನರಾಯಪಟ್ಟಣದಿಂದ ಬರುವಾಗ ನಮ್ಮ ಮನೆಯ ಮುಂದೆ ನಿಂತ. ಕೈಯಲ್ಲಿ ಪಳಪಳ ಹೊಳೆಯುವ ಅಲ್ಯೂಮಿನಿಯಂ ತಪ್ಪಲೆ, ಒಂದು ಸೌಟು. "ಇದ್ಯಾತಕ್ಕಯ್ಯ ಈಗ?" ಎಂದೆ. "ನಮ್ಮಟ್ಟೀಲೂ ಒಸಿ ಇಂಗ್ಲೀಸು ಇರ್ಲಿ ಅಂತ ಸಾ" ಎಂದು ನಕ್ಕ. ಒಳಗೆ ಪಾರ್ವತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನೂ ಒರೆಸಿಕೊಂಡೆ. ಒಲೆಯ ಹೊಗೆ ಎಂದು ಇಬ್ಬರೂ ಹೇಳಿಕೊಂಡೆವು, ಒಲೆ ಹಚ್ಚಿರಲಿಲ್ಲ.

ಇದೆಲ್ಲ ಆಗಿ ವರ್ಷಗಳು ಕಳೆದವು. ನಮಗೆ ಹಾಸನದ ಹತ್ತಿರದ ಸಾಲಗಾಮೆಗೆ ವರ್ಗವಾಯಿತು. ಇತ್ತೀಚೆಗೆ ಒಂದು ದಿನ ಹೊಟ್ಟೆಯಲ್ಲಿ ತಡೆಯಲಾಗದ ಸಂಕಟವಾಗಿ ಪಾರ್ವತಿ ನನ್ನನ್ನು ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಎಲ್ಲಿಂದಲೋ ಹೊಸದಾಗಿ ಬಂದವರು, ಅವರಿಗೆ ಕನ್ನಡದ ಗಂಧವಿಲ್ಲ. "ವಾಟ್ ಈಸ್ ಯುವರ್ ಟ್ರಬಲ್?" ಎಂದರು. ಇಷ್ಟು ವರ್ಷ ಇಂಗ್ಲಿಷ್ ಕಲಿಸಿದ ಮೇಷ್ಟ್ರು ನಾನು. ಗಂಟಲು ಸರಿಮಾಡಿಕೊಂಡೆ. ಮೇಜಿನ ಮೇಲಿಟ್ಟು ತೋರಿಸಬಹುದಾದ ಸಾಮಾನೆಲ್ಲ ನಾಲಿಗೆಯ ತುದಿಗೆ ಬಂತು, ಹೊಟ್ಟೆಯೊಂದು ಬರಲಿಲ್ಲ. ಕೊನೆಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ದಿ ಪಾಟ್ ಈಸ್ ಬಾಯ್ಲಿಂಗ್, ಸಾರ್" ಎಂದೆ. ಡಾಕ್ಟರು ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದರು.

ಅವರ ಹಿಂದೆ ಬಿಳೀ ಸೀರೆಯ ನರ್ಸೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಮುಂದೆ ಬಂದು ಪಾರ್ವತಿಯ ಕಾಲು ಮುಟ್ಟಿದಳು, ಆಮೇಲೆ ನನ್ನದು. ಎದ್ದು ನಿಂತು ನನ್ನ ತೋಳಿನ ಮೇಲೆ ಕೈಯಿಟ್ಟು ಹೇಳಿದಳು:

"ಮೊದಲು ನಮ್ಮ ಮಾತಲ್ಲೇ ಹೇಳಿ ಸಾ. ಆಮೇಲೆ ಅವರ ಮಾತಲ್ಲಿ ನಾನು ಹೇಳ್ತೀನಿ."